ಓಟ ನಿಂತ ಮೇಲಿನ ಇಪ್ಪತ್ತು ವರ್ಷ

ಚೆನ್ನಾಗಿ ನೋಡಿಕೊಂಡರೆ ಕುದುರೆ 25ರಿಂದ 30 ವರ್ಷ ಬದುಕುತ್ತದೆ. ಪಂದ್ಯದ ಕುದುರೆ ಎರಡನೆಯ ವಯಸ್ಸಿಗೇ ಕಣಕ್ಕಿಳಿಯುತ್ತದೆ. ಆರೇಳು ವರ್ಷ ತುಂಬುವಷ್ಟರಲ್ಲಿ ಬಹುಪಾಲು ಕುದುರೆಗಳ ಓಟ ಮುಗಿದಿರುತ್ತದೆ. ಈ ಎರಡು ಲೆಕ್ಕಗಳ ನಡುವೆ ಸುಮಾರು ಇಪ್ಪತ್ತು ವರ್ಷಗಳ ಬದುಕು ಉಳಿದುಬಿಡುತ್ತದೆ. ಅದನ್ನು ಆ ಪ್ರಾಣಿ ಎಲ್ಲಿ, ಯಾರ ಆಸರೆಯಲ್ಲಿ ಕಳೆಯುತ್ತದೆ? ಬೆಂಗಳೂರಿನ ರೇಸ್‌ಕೋರ್ಸನ್ನು ನಿತ್ಯ ಹಾದುಹೋಗುವವರಿಗೂ ಈ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ಗೆದ್ದ ಕುದುರೆಯ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ; ನಿವೃತ್ತವಾದ ಕುದುರೆಯ ವಿಳಾಸ ಎಲ್ಲಿಯೂ ಅಚ್ಚಾಗುವುದಿಲ್ಲ.

ನೌಕರಿಯಿಂದ ನಿವೃತ್ತನಾದ ಬಳಿಕ ವಾರದ ಹೆಚ್ಚಿನ ದಿನಗಳನ್ನು ನಾನು ಕಳೆಯುತ್ತಿರುವುದು ನಗರದ ಹೊರಗೆ, ರಾಗಿ ಹೊಲಗಳ ನಡುವಿನ ಒಂದು ಸಣ್ಣ ಪ್ರಾಣಿ ಆಶ್ರಯಧಾಮದಲ್ಲಿ. ಅಲ್ಲಿ ಒಂಬತ್ತು ಕುದುರೆ, ನಾಲ್ಕು ಕತ್ತೆ, ಎರಡು ಮುದಿ ಎತ್ತು ಮತ್ತು ದಿನದಿನಕ್ಕೆ ಲೆಕ್ಕ ಬದಲಾಗುವ ನಾಯಿಗಳಿವೆ. ಕುದುರೆಗಳಲ್ಲಿ ಮೂರು ಪಂದ್ಯದವು. ನಾಲ್ಕು ಮದುವೆಯ ಮೆರವಣಿಗೆ ಮತ್ತು ಸಾರೋಟಿಗೆ ದುಡಿದವು. ಉಳಿದೆರಡು ಹೆದ್ದಾರಿಯ ಪಕ್ಕದ ಕಸದ ರಾಶಿಯ ಬಳಿ ಸಿಕ್ಕವು; ಅವುಗಳ ಹಿಂದಿನ ಕಥೆ ಯಾರಿಗೂ ತಿಳಿಯದು.

ಇಂಥ ಜಾಗದ ಬಗ್ಗೆ ನಗರವಾಸಿಗಳ ಕಲ್ಪನೆ ಬಹಳ ಸುಂದರವಾಗಿರುತ್ತದೆ: ಹಸಿರು ಬಯಲು, ಗಾಳಿಗೆ ಹಾರುವ ಕೇಸರ, ಕೃತಜ್ಞತೆಯಿಂದ ನೋಡುವ ಕಣ್ಣುಗಳು. ವಾಸ್ತವದಲ್ಲಿ ನಮ್ಮ ದಿನ ಆರಂಭವಾಗುವುದು ಲದ್ದಿಯ ಪರೀಕ್ಷೆಯಿಂದ. ಬೆಳಗಿನ ಐದಕ್ಕೆ ಲಾಯಕ್ಕೆ ಹೋದವರು ಮೊದಲು ನೋಡಬೇಕಾದದ್ದು ರಾತ್ರಿ ಯಾವ ಕುದುರೆ ಎಷ್ಟು ಲದ್ದಿ ಹಾಕಿದೆ, ಅದು ಗಟ್ಟಿಯೋ ತೆಳುವೋ ಎಂಬುದನ್ನು. ನೆಲ ಸ್ವಚ್ಛವಾಗಿದ್ದರೆ ಅದು ಸಂತೋಷದ ಸಂಗತಿಯಲ್ಲ, ಅಪಾಯದ ಸೂಚನೆ. ಕುದುರೆಗೆ ವಾಂತಿ ಮಾಡಲು ಬಾರದು. ಅಷ್ಟು ದೊಡ್ಡ ದೇಹದಲ್ಲಿ ಅದರ ಜಠರ ಹಿಡಿಯುವುದು 8ರಿಂದ 15 ಲೀಟರಿನಷ್ಟು ಮಾತ್ರ. ಒಳಗೆ ಹೋದದ್ದು ಮುಂದಕ್ಕೆ ಸಾಗಲೇಬೇಕು. ಎಲ್ಲೋ ಸಿಕ್ಕಿಕೊಂಡರೆ, ಕರುಳು ತಿರುಚಿಕೊಂಡರೆ, ಹೊಟ್ಟೆಶೂಲೆ ಒಂದೇ ರಾತ್ರಿಯಲ್ಲಿ ಪ್ರಾಣ ತೆಗೆಯಬಲ್ಲದು. ಆದ್ದರಿಂದ ನಮ್ಮಲ್ಲಿ ಪ್ರತಿಯೊಬ್ಬರೂ ಹೊಟ್ಟೆಯ ಸದ್ದು ಆಲಿಸುವುದನ್ನು, ನಾಡಿ ಎಣಿಸುವುದನ್ನು ಕಲಿತಿದ್ದೇವೆ. ನಿಂತ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 44 ಬಾರಿ ಬಡಿಯುತ್ತದೆ. ಅದು 60 ದಾಟಿ ಇಳಿಯದೇ ಇದ್ದರೆ ವೈದ್ಯರಿಗೆ ದೂರವಾಣಿ ಮಾಡಲು ಸೂರ್ಯ ಹುಟ್ಟುವವರೆಗೆ ಕಾಯುವಂತಿಲ್ಲ.

ಆಮೇಲೆ ಮೇವು. ಕುದುರೆ ದಿನಕ್ಕೆ ತನ್ನ ತೂಕದ ಶೇಕಡಾ ಎರಡರಷ್ಟು ಒಣಮೇವನ್ನಾದರೂ ತಿನ್ನಬೇಕು. 400 ಕಿಲೋ ತೂಗುವ ಪ್ರಾಣಿಗೆ ಎಂಟು ಕಿಲೋ. ನೀರು 25ರಿಂದ 50 ಲೀಟರು. ಹುಲ್ಲಿನ ಜೊತೆಗೆ ಬೇಯಿಸಿದ ಹುರುಳಿ, ಗೋಧಿ ಬೂಸಾ. ಆದರೆ ಬಹುದಿನ ಹಸಿದು ಬಂದ ಕುದುರೆಗೆ ಇದಾವುದನ್ನೂ ಕೊಡುವಂತಿಲ್ಲ. ಎಲುಬು ಎಣಿಸಬಹುದಾದಷ್ಟು ಸೊರಗಿದ ಪ್ರಾಣಿಗೆ ಒಮ್ಮೆಲೇ ಕಾಳು, ಬೆಲ್ಲ ತಿನ್ನಿಸಿದರೆ ರಕ್ತದಲ್ಲಿನ ಲವಣಗಳ ಸಮತೋಲನ ಕುಸಿದು ಕೆಲವೇ ದಿನಗಳಲ್ಲಿ ಅದು ಸಾಯಬಹುದು. ಅದಕ್ಕೆ ಬೇಕಾದದ್ದು ನಮ್ಮ ರೈತರು ಹೆಸರಿನಲ್ಲಿಯೇ ಕುದುರೆಗೆ ಮೀಸಲಿಟ್ಟಿರುವ ಕುದುರೆ ಮಸಾಲೆ ಸೊಪ್ಪು. ಅದನ್ನು ಒಣಗಿಸಿ, ಹಿಡಿಹಿಡಿಯಾಗಿ, ಹಗಲು ರಾತ್ರಿ ಎನ್ನದೆ ಕೆಲವು ಗಂಟೆಗಳಿಗೊಮ್ಮೆ ಕೊಡಬೇಕು. ಭಾನುವಾರ ಮಕ್ಕಳೊಡನೆ ಬರುವ ದಯಾಳುಗಳು ಬಾಳೆಹಣ್ಣು, ಬೆಲ್ಲ, ಬ್ರೆಡ್ಡು ತರುತ್ತಾರೆ. ಬೇಡವೆಂದರೆ ನೊಂದುಕೊಳ್ಳುತ್ತಾರೆ. ಕರುಣೆಗೂ ಪಥ್ಯವಿದೆ ಎಂದು ಅವರಿಗೆ ವಿವರಿಸುವುದು ನಮ್ಮ ದಿನಚರಿಯ ಕಷ್ಟದ ಕೆಲಸಗಳಲ್ಲಿ ಒಂದು.

ಗೊರಸಿನ ಆರೈಕೆ ಇನ್ನೊಂದು ಅಧ್ಯಾಯ. ನಮ್ಮ ಉಗುರಿನಂತೆ ಗೊರಸೂ ಬೆಳೆಯುತ್ತದೆ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು. ಆರೆಂಟು ವಾರಗಳಿಗೊಮ್ಮೆ ಅದನ್ನು ಕತ್ತರಿಸಿ ಅರ ಹಾಕದಿದ್ದರೆ ಕಾಲಿನ ಕೀಲುಗಳೇ ಓರೆಯಾಗುತ್ತವೆ. ಪ್ರತಿದಿನ ನಾಲ್ಕೂ ಕಾಲೆತ್ತಿ ಕಲ್ಲು, ಮೊಳೆ ಸಿಕ್ಕಿದೆಯೇ ಎಂದು ನೋಡಬೇಕು. ಧನುರ್ವಾಯು ಕುದುರೆಯನ್ನು ಕಾಡುವಷ್ಟು ಬೇರೆ ಸಾಕುಪ್ರಾಣಿಗಳನ್ನು ಕಾಡುವುದಿಲ್ಲ; ಒಂದು ತುಕ್ಕು ಮೊಳೆ ಸಾಕು. ನಮ್ಮಲ್ಲಿಗೆ ಲಾಳ ಕಟ್ಟಲು ಬರುವ ಹಿರಿಯರು ಮೈಸೂರಿನ ಟಾಂಗಾ ನಿಲ್ದಾಣಗಳಲ್ಲಿ ಬಾಲ್ಯದಿಂದ ಈ ಕೆಲಸ ಕಲಿತವರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತೇವೆ. ಗಾಬರಿಗೊಂಡ ಕುದುರೆಯ ಮುಂಗಾಲನ್ನು ಮಂಡಿಯ ಮೇಲಿಟ್ಟುಕೊಂಡು ಅವರು ಮೆಲ್ಲಗೆ ಮಾತನಾಡತೊಡಗಿದರೆ ಅದರ ಮೈಯ ಬಿಗಿ ಸಡಿಲಾಗುವುದು ಕಣ್ಣಿಗೆ ಕಾಣುತ್ತದೆ. "ನನ್ನ ಮಗ ಆಟೋ ಓಡಿಸುತ್ತಾನೆ ಸಾರ್, ಈ ಕೈಕಸುಬು ನನಗೇ ಕೊನೆ" ಎಂದು ಅವರು ಹೇಳುವಾಗ ದನಿಯಲ್ಲಿ ದೂರು ಇರುವುದಿಲ್ಲ.

ದೂರು ಇಲ್ಲದಿದ್ದರೂ ಲೆಕ್ಕ ಸ್ಪಷ್ಟವಾಗಿದೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಉಳಿದಿದ್ದ ಕುದುರೆ ಮತ್ತು ತಟ್ಟುಗಳು ಸುಮಾರು 3.4 ಲಕ್ಷ. 2012ರ ಗಣತಿಗೆ ಹೋಲಿಸಿದರೆ ಶೇಕಡಾ 45ಕ್ಕೂ ಹೆಚ್ಚು ಇಳಿಕೆ. ಕತ್ತೆಗಳ ಸಂಖ್ಯೆ ಇದೇ ಅವಧಿಯಲ್ಲಿ ಶೇಕಡಾ 61ರಷ್ಟು ಕುಸಿದು 1.2 ಲಕ್ಷಕ್ಕೆ ಬಂದಿತ್ತು. ಯಂತ್ರಗಳು ಬಂದ ಮೇಲೆ ದುಡಿಮೆಯ ಪ್ರಾಣಿಗಳು ಕಡಿಮೆಯಾಗುವುದು ಸಹಜ, ಅದಕ್ಕೆ ಮರುಗಬೇಕಾಗಿಲ್ಲ ಎನ್ನಬಹುದು. ಆದರೆ ಕುದುರೆ ಕಡಿಮೆಯಾದಂತೆ ಅದನ್ನು ಬಲ್ಲವರೂ ಕಡಿಮೆಯಾಗುತ್ತಾರೆ. ಉಳಿದ ಕುದುರೆಗಳು ಲಾಳ ಕಟ್ಟುವವರಿಲ್ಲದೆ, ಹಲ್ಲು ಅರೆಯುವವರಿಲ್ಲದೆ, ತಮ್ಮ ನೋವಿನ ಭಾಷೆ ತಿಳಿದವರಿಲ್ಲದೆ ಬದುಕಬೇಕಾಗುತ್ತದೆ.

ಕತ್ತೆಗಳ ನೋವಿನ ಭಾಷೆಯಂತೂ ಇನ್ನೂ ಸೂಕ್ಷ್ಮ. ಕುದುರೆ ಶೂಲೆ ಬಂದಾಗ ಹೊರಳಾಡುತ್ತದೆ. ಕತ್ತೆ ಸುಮ್ಮನೆ ನಿಂತುಬಿಡುತ್ತದೆ. ಅದನ್ನು ನಾವು ಮೊಂಡುತನವೆಂದು ಕರೆದು ಬೈಗುಳವಾಗಿಯೂ ಮಾಡಿಕೊಂಡಿದ್ದೇವೆ. ಜೊತೆಗಾರ ಸತ್ತರೆ ಕತ್ತೆ ಮೇವು ಬಿಡುವುದುಂಟು, ಮೇವು ಬಿಟ್ಟರೆ ರಕ್ತದಲ್ಲಿ ಕೊಬ್ಬು ಏರಿ ತಾನೂ ಸಾಯುವುದುಂಟು. ಆದ್ದರಿಂದ ಒಂದು ಕತ್ತೆ ತೀರಿಕೊಂಡಾಗ ಕಳೇಬರವನ್ನು ಕೂಡಲೇ ಸಾಗಿಸಬಾರದು, ಜೊತೆಗಾರನಿಗೆ ಅದರ ಬಳಿ ನಿಲ್ಲಲು ಸಮಯ ಕೊಡಬೇಕು ಎಂಬುದು ಈ ಕೆಲಸದಲ್ಲಿ ಪಳಗಿದವರ ಸಲಹೆ. ನಮ್ಮಲ್ಲಿ ಹಾಗೆ ಮಾಡಿದ ದಿನ ಉಳಿದ ಕತ್ತೆ ಮೂಸಿ ನೋಡಿತು, ಮುಂಗಾಲಿನಿಂದ ಒಮ್ಮೆ ತಟ್ಟಿತು, ಎರಡು ತಾಸು ಅಲ್ಲಿಯೇ ನಿಂತಿತು, ಆಮೇಲೆ ತಾನಾಗಿ ಗೋದಲಿಗೆ ಬಂತು.

ಎಲ್ಲ ಸಾವುಗಳೂ ತಾವಾಗಿ ಬರುವುದಿಲ್ಲ. ಕಳೆದ ಮಳೆಗಾಲದಲ್ಲಿ ಪಂದ್ಯದಿಂದ ಬಂದ, ಹತ್ತೊಂಬತ್ತು ವರ್ಷದ ಹೆಣ್ಣು ಕುದುರೆಗೆ ನಡುರಾತ್ರಿ ಶೂಲೆ ಎದ್ದಿತು. ವೈದ್ಯರು ಬಂದು ಮೂಗಿನ ಮೂಲಕ ಕೊಳವೆ ಇಳಿಸಿದರು, ನೋವು ನಿವಾರಕ ಕೊಟ್ಟರು. ನಾಲ್ಕು ಗಂಟೆಗೆ ಅವರು ಕೈ ತೊಳೆದುಕೊಂಡು, ಕರುಳು ತಿರುಚಿದೆ, ಈ ವಯಸ್ಸಿಗೆ ಶಸ್ತ್ರಚಿಕಿತ್ಸೆ ತಾಳದು ಎಂದರು. ಚುಚ್ಚುಮದ್ದು ಕೊಡಲು ಒಪ್ಪಿಗೆ ಬೇಕಿತ್ತು. ಜೀವ ತೆಗೆಯುವ ಅಧಿಕಾರ ನಮಗಿಲ್ಲ ಎಂಬುದು ನಾವು ಬೆಳೆದುಬಂದ ಸಂಸ್ಕಾರ; ನಮ್ಮ ಕೆಲಸಗಾರರಲ್ಲಿ ಇಬ್ಬರು ಆ ಮಾತನ್ನೇ ಹೇಳಿ ಹೊರಗೆ ಹೋದರು. ಆದರೆ ಬೆವರಿನಿಂದ ತೊಯ್ದು, ಗೋಡೆಗೆ ತಲೆ ಒತ್ತಿ ನಿಂತ ಪ್ರಾಣಿಯ ಎದುರಿನಲ್ಲಿ ಕೈಕಟ್ಟಿ ಕೂರುವುದು ಅಹಿಂಸೆಯೇ? ನಾನು ಸಹಿ ಹಾಕಿದೆ. ಹೊರಗೆ ಹೋದವರೇ ಬೆಳಿಗ್ಗೆ ಗುಂಡಿ ತೋಡಿ, ಅರಿಸಿನ ಕುಂಕುಮವಿಟ್ಟು ಮಣ್ಣು ಮಾಡಿದರು. ಯಾರು ಸರಿ ಎಂಬ ಚರ್ಚೆ ನಮ್ಮ ನಡುವೆ ಇಂದಿಗೂ ಮುಗಿದಿಲ್ಲ.

ಈ ಸಂದಿಗ್ಧ ಹೊಸದೇನಲ್ಲ. ಮೊದಲ ಮಹಾಯುದ್ಧ ಮುಗಿದಾಗ ಬ್ರಿಟಿಷ್ ಸೇನೆ ತನ್ನ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲಿಯೇ ಮಾರಿಬಿಟ್ಟಿತು. 1930ರಲ್ಲಿ ಕೈರೋಗೆ ಬಂದ ಡೊರೊತಿ ಬ್ರೂಕ್ ಎಂಬ ಮಹಿಳೆ, ಯುದ್ಧದಲ್ಲಿ ದುಡಿದ ಆ ಕುದುರೆಗಳು ಮುದಿಯಾಗಿ, ಕುಂಟುತ್ತ, ಗಾಡಿ ಎಳೆಯುತ್ತಿರುವುದನ್ನು ಕಂಡರು. 1931ರಲ್ಲಿ ಅವರು ಲಂಡನ್ನಿನ ಪತ್ರಿಕೆಯೊಂದಕ್ಕೆ ಬರೆದ ಪತ್ರಕ್ಕೆ ಓದುಗರು ಹಣ ಕಳುಹಿಸಿದರು. ಆ ಹಣದಿಂದ ಅವರು ಸುಮಾರು ಐದು ಸಾವಿರ ಕುದುರೆಗಳನ್ನು ಕೊಂಡುಕೊಂಡರು. ಬಹುಪಾಲು ಕುದುರೆಗಳಿಗೆ ಅವರು ಕೊಡಬಹುದಾಗಿದ್ದುದು ಕೆಲವು ದಿನಗಳ ವಿಶ್ರಾಂತಿ, ಹೊಟ್ಟೆ ತುಂಬ ಮೇವು ಮತ್ತು ನೋವಿಲ್ಲದ ಸಾವು. 1934ರಲ್ಲಿ ಅವರು ಅಲ್ಲಿ ಕುದುರೆಗಳಿಗಾಗಿ ಆಸ್ಪತ್ರೆಯನ್ನೂ ತೆರೆದರು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಅದರ ಸ್ಮಾರಕವಿದೆ. ಆ ಶೌರ್ಯವನ್ನು ನೆನೆಯುವಾಗ ಅದನ್ನು ಬೆನ್ನ ಮೇಲೆ ಹೊತ್ತ ಪ್ರಾಣಿಗಳನ್ನೂ ನೆನೆಯುವುದು ಅಸಂಗತವಾಗಲಾರದು.

ಋಣ ಯುದ್ಧದ್ದಷ್ಟೇ ಅಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಇವುಗಳ ಕಡಿತಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷ ತಯಾರಾಗುವುದು ಕುದುರೆಯ ರಕ್ತದಿಂದ. ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ದೇಹ ಕಟ್ಟಿಕೊಂಡ ಪ್ರತಿರೋಧವನ್ನು ರಕ್ತದಿಂದ ಬೇರ್ಪಡಿಸಿ ಔಷಧ ಮಾಡುತ್ತಾರೆ. ಗದ್ದೆಯಲ್ಲಿ ಹಾವು ಕಡಿದು ಬದುಕಿ ಮನೆಗೆ ಮರಳಿದ ರೈತನ ಮೈಯಲ್ಲಿ ಯಾವುದೋ ಕುದುರೆಯ ಉಪಕಾರ ಹರಿದಿರುತ್ತದೆ.

ಇದಕ್ಕೆ ಪ್ರತಿಯಾಗಿ ನಮ್ಮ ಕಾನೂನು ಏನು ಕೊಟ್ಟಿದೆ? ರುಕ್ಮಿಣಿ ದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಪ್ರೇರಣೆಯಿಂದ ರೂಪುಗೊಂಡದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು ಅದರ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಬಾರಿಯ ಅಪರಾಧಕ್ಕೆ ಆ ಕಾಯ್ದೆ ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ. ಒಂದು ಹೊತ್ತಿನ ಮೇವಿಗೂ ಸಾಲದ ಮೊತ್ತ.

ಆದರೆ ದಂಡ ಹೆಚ್ಚಿಸಿದ ಮಾತ್ರಕ್ಕೆ ಸಮಸ್ಯೆ ತೀರುವುದಿಲ್ಲ. ಜಟಕಾದವನಿಗೆ, ಮೆರವಣಿಗೆಗೆ ಕುದುರೆ ಒದಗಿಸುವವನಿಗೆ ಭಾರೀ ದಂಡ ಹಾಕಿದರೆ ಅವನು ಕುದುರೆಯನ್ನು ರಾತ್ರೋರಾತ್ರಿ ಇನ್ನಷ್ಟು ದೂರ ಬಿಟ್ಟು ಬರುತ್ತಾನೆ ಅಷ್ಟೆ. ಮುಂಬೈಯ ವಿಕ್ಟೋರಿಯಾ ಗಾಡಿಗಳನ್ನು ಬಾಂಬೆ ಹೈಕೋರ್ಟ್ 2015ರಲ್ಲಿ ಕಾನೂನುಬಾಹಿರವೆಂದು ಸಾರಿದಾಗ, ಗಾಡಿಯವರ ಪುನರ್ವಸತಿಯ ಪ್ರಶ್ನೆಯೂ ಜೊತೆಗೇ ಎದ್ದಿತು. ಅದು ನ್ಯಾಯವಾದ ಪ್ರಶ್ನೆ. ನಮ್ಮಲ್ಲಿಗೆ ಬಂದ ಒಂದು ಕುದುರೆಯ ಒಡೆಯ ಅದನ್ನು ಒಪ್ಪಿಸಿ, ಗೇಟಿನ ಹೊರಗೆ ಬಹಳ ಹೊತ್ತು ನಿಂತಿದ್ದು ಹೋದ. ಅವನನ್ನು ಕ್ರೂರಿ ಎನ್ನಲು ನನ್ನಿಂದ ಆಗದು. ಅವನಿಗೆ ಬೇಕಿರುವುದು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕುದುರೆಯನ್ನು ಬಲ್ಲ ವೈದ್ಯ, ಮತ್ತು ಸಾಕಲಾಗದ ದಿನ ಪ್ರಾಣಿಯನ್ನು ನಾಚಿಕೆಯಿಲ್ಲದೆ ಒಪ್ಪಿಸಬಹುದಾದ ಒಂದು ಜಾಗ.

ಪಂದ್ಯದ ಲೋಕದ ಮಾತು ಬೇರೆ. ಅಲ್ಲಿ ಬಡತನದ ನೆಪವಿಲ್ಲ. ಥರೋಬ್ರೆಡ್ ಕುದುರೆಯ ಹುಟ್ಟು, ತಂದೆ, ತಾಯಿ ಎಲ್ಲವೂ ದಾಖಲಾಗುತ್ತವೆ. ಗಂಡು ಸಂತತಿಯ ಮೂಲವನ್ನು ಮುನ್ನೂರು ವರ್ಷಗಳಷ್ಟು ಹಿಂದಿನ ಮೂರು ಕುದುರೆಗಳವರೆಗೆ ಗುರುತಿಸಬಹುದು. ಅಷ್ಟು ಹಿಂದಿನ ಪೂರ್ವಜನನ್ನು ಬಲ್ಲ ವ್ಯವಸ್ಥೆಗೆ, ಹನ್ನೆರಡು ವರ್ಷದ ಕುದುರೆ ಇಂದು ಎಲ್ಲಿದೆ ಎಂದು ತಿಳಿದಿಟ್ಟುಕೊಳ್ಳುವುದು ಅಸಾಧ್ಯವೇ? ಬ್ರಿಟನ್ನಿನ ಕುದುರೆ ಪಂದ್ಯದ ಉದ್ಯಮ 2000ನೇ ಇಸವಿಯಲ್ಲಿಯೇ ನಿವೃತ್ತ ಕುದುರೆಗಳ ಮರುತರಬೇತಿಗಾಗಿ ಪ್ರತ್ಯೇಕ ಸಂಸ್ಥೆಯನ್ನು ಕಟ್ಟಿತು. ನಮ್ಮ ಸುಪ್ರೀಂ ಕೋರ್ಟ್ 1996ರಲ್ಲಿ ಕುದುರೆ ಪಂದ್ಯವನ್ನು ಕೌಶಲದ ಆಟವೆಂದು ಕರೆದು, ಜೂಜಿನ ಸಾಲಿನಿಂದ ಬೇರ್ಪಡಿಸಿತು. ಆ ಕೌಶಲದಲ್ಲಿ ಕುದುರೆಯ ಪಾಲೂ ಇದೆಯೆಂದಾದರೆ, ದುಡಿದವರಿಗೆ ಸಲ್ಲುವ ನಿವೃತ್ತಿ ವೇತನ ಅದಕ್ಕೂ ಸಲ್ಲಬೇಕಲ್ಲವೇ? ಪ್ರತಿ ಮರಿಯ ನೋಂದಣಿಯ ವೇಳೆಯಲ್ಲಿ ಒಂದು ಠೇವಣಿ, ಪ್ರತಿ ಬಾಜಿಯ ಹಣದಲ್ಲಿ ಒಂದು ಅಲ್ಪ ಪಾಲು, ಕೈ ಬದಲಾದಾಗಲೆಲ್ಲ ಕಡ್ಡಾಯ ದಾಖಲೆ. ಇವಿಷ್ಟಾದರೆ ಆ ಇಪ್ಪತ್ತು ವರ್ಷಗಳಿಗೆ ಒಂದು ವಿಳಾಸ ಸಿಗುತ್ತದೆ. ಬಾಜಿಯ ಮೇಲೆ ತೆರಿಗೆ ವಸೂಲು ಮಾಡುವ ಸರ್ಕಾರಕ್ಕೆ ಇದು ದೊಡ್ಡ ಹೊರೆಯಲ್ಲ.

ಇದನ್ನೆಲ್ಲ ದಯೆಯ ಹೆಸರಿನಲ್ಲಿ ಕೇಳಬೇಕಾಗಿಲ್ಲ. ದಯೆ ಭಾನುವಾರ ಬಂದು ಬೆಲ್ಲ ತಿನ್ನಿಸಿ ಹೋಗಬಹುದು; ಲದ್ದಿ ಎತ್ತುವ ಸೋಮವಾರಕ್ಕೆ ಬೇಕಾದದ್ದು ಹೊಣೆಗಾರಿಕೆ. ಪ್ರಾಣಿಯನ್ನು ಹುಟ್ಟಿಸಿ, ಓಡಿಸಿ, ಅದರ ಬೆನ್ನ ಮೇಲೆ ಸಂಪಾದಿಸಿದವರು ಅದರ ಮುಪ್ಪಿನ ಮೇವಿಗೂ ಬಾಧ್ಯಸ್ಥರು. ಈ ಸರಳ ಲೆಕ್ಕವನ್ನು ಒಪ್ಪಿಕೊಳ್ಳಲು ನಮಗೆ ಇನ್ನೆಷ್ಟು ಕಾಲ ಬೇಕು?