ಫಾದರ್ ದಿದೊನ್ ಮತ್ತು ನಮ್ಮ ಕಾನ್ವೆಂಟಿನ ಆಟದ ಪಿರಿಯಡ್

ಇನ್ನಷ್ಟು ವೇಗ, ಇನ್ನಷ್ಟು ಎತ್ತರ, ಇನ್ನಷ್ಟು ಬಲ ಎಂಬ ಒಲಿಂಪಿಕ್ಸ್ ಧ್ಯೇಯವಾಕ್ಯವನ್ನು ಮೊದಲು ಆಡಿದವರು ಆನ್ರಿ ದಿದೊನ್ ಎಂಬ ಕ್ಯಾಥೊಲಿಕ್ ಧರ್ಮಗುರು. ಡೊಮಿನಿಕನ್ ಸಭೆಯ ಈ ಗುರುಗಳು ಪ್ಯಾರಿಸ್ಸಿನ ಹೆಸರುವಾಸಿ ಪ್ರವಚನಕಾರರು. ಅವರ ಪ್ರವಚನಗಳು ಹಿರಿಯರಿಗೆ ಹಿಡಿಸದೆ, 1880ರಲ್ಲಿ ಅವರನ್ನು ಕಾರ್ಸಿಕಾ ದ್ವೀಪದ ಕೊರ್ಬಾರಾ ಮಠಕ್ಕೆ ಕಳಿಸಲಾಯಿತು. ಹತ್ತು ವರ್ಷಗಳ ಮೇಲೆ ಅವರೇ ಪ್ಯಾರಿಸ್ ಬಳಿಯ ಆರ್ಕೇಯ್ ಎಂಬಲ್ಲಿನ ಡೊಮಿನಿಕನ್ ಶಾಲೆಯ ಮುಖ್ಯಸ್ಥರಾದರು. 1891ರ ಮಾರ್ಚ್‌ನಲ್ಲಿ ಆ ಶಾಲೆಯ ಮೊದಲ ಕ್ರೀಡಾಕೂಟ ನಡೆದಾಗ ಹುಡುಗರ ಮುಂದೆ ಆ ಮೂರು ಲ್ಯಾಟಿನ್ ಪದಗಳನ್ನಿಟ್ಟರು. ಅಂದು ಮೈದಾನದ ಉಸ್ತುವಾರಿ ಹೊತ್ತಿದ್ದವರು ಪಿಯರ್ ಡಿ ಕೂಬರ್ಟಿನ್. 1894ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಹುಟ್ಟಿದಾಗ ಅದರ ಸ್ಥಾಪಕರಾದ ಕೂಬರ್ಟಿನ್ ಈ ಗೆಳೆಯನ ಮಾತನ್ನೇ ಧ್ಯೇಯವಾಗಿ ಮುಂದಿಟ್ಟರು. ದಿದೊನ್ 1896ರ ಅಥೆನ್ಸ್ ಕೂಟಕ್ಕೆ ತಮ್ಮ ವಿದ್ಯಾರ್ಥಿಗಳನ್ನು ಕರೆದೊಯ್ದರು. ಮರುವರ್ಷ ಲ ಹಾವ್ರ್ ಪಟ್ಟಣದ ಒಲಿಂಪಿಕ್ ಸಮ್ಮೇಳನದಲ್ಲಿ, ಆಟೋಟ ಮಕ್ಕಳ ನಡತೆಯನ್ನು ಹೇಗೆ ರೂಪಿಸುತ್ತದೆ ಎಂಬ ವಿಷಯವನ್ನೇ ಹಿಡಿದು ಮಾತಾಡಿದರು. ಮೂರು ವರ್ಷಗಳಲ್ಲಿ ತೀರಿಕೊಂಡರು. ಅವರ ಧ್ಯೇಯವಾಕ್ಯ ಅಧಿಕೃತವಾಗಿ ಮೆರೆದದ್ದು 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ. ಆ ವರ್ಷ ಭಾರತ ತಂಡದ ಜೊತೆಗೆ ಹೋದವರು ಎಚ್.ಸಿ. ಬಕ್. 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಕಟ್ಟಿ, ತರಬೇತಾದ ಡ್ರಿಲ್ ಮೇಷ್ಟ್ರುಗಳನ್ನು ದಕ್ಷಿಣ ಭಾರತದ ಶಾಲೆಗಳಿಗೆ ಕೊಟ್ಟವರು ಅವರೇ. ಬಕ್ ಪ್ರಾಟೆಸ್ಟೆಂಟ್, ದಿದೊನ್ ಕ್ಯಾಥೊಲಿಕ್. ಮಗುವಿನ ಆತ್ಮದ ಬಗ್ಗೆ ಕಾಳಜಿ ಇರುವವರು ಅದರ ಮೈಯನ್ನು ಮರೆಯಬಾರದು ಎಂಬಲ್ಲಿ ಇಬ್ಬರದೂ ಒಂದೇ ಮಾತು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಓದುಗರಿಗೆ ಈ ಕತೆ ಹೇಳಲು ಕಾರಣವಿದೆ. ಫಾದರ್‌ಗಳು, ಸಿಸ್ಟರ್‌ಗಳು ನಡೆಸುವ ಪ್ರಾಥಮಿಕ ಶಾಲೆಗಳ ಬಗ್ಗೆ ಮಾತು ಬಂದಾಗ ನಾವು ಮೆಚ್ಚುವುದು ಶಿಸ್ತು, ಇಂಗ್ಲಿಷ್, ಪ್ರಾರ್ಥನೆ, ನೀತಿ ಪಾಠ. ಮೈದಾನ ಆ ಪಟ್ಟಿಗೆ ಸೇರುವುದೇ ಇಲ್ಲ. ಪರೀಕ್ಷೆ ಹತ್ತಿರವಾದಂತೆ ಮೊದಲು ಬಲಿಯಾಗುವುದು ಆಟದ ಪಿರಿಯಡ್. ಅದನ್ನು ಗಣಿತಕ್ಕೆ ಬಿಟ್ಟುಕೊಟ್ಟರೆ ಯಾರೂ ಕೇಳುವುದಿಲ್ಲ. ಕ್ರೈಸ್ತ ಶಾಲೆ ತನ್ನ ನಂಬಿಕೆಯ ಮೌಲ್ಯಗಳನ್ನು ಎಲ್ಲ ಮಕ್ಕಳಿಗೂ ತಲುಪಿಸಬಲ್ಲ ಅತ್ಯಂತ ಪ್ರಾಮಾಣಿಕವಾದ ಜಾಗ ಮೈದಾನ ಎಂಬುದು ನನ್ನ ವಾದ. ಅದನ್ನು ಕಳೆದುಕೊಂಡ ಕ್ಯಾಥೊಲಿಕ್ ಶಾಲೆ ತನ್ನದೇ ಪರಂಪರೆಯನ್ನು ಕಳೆದುಕೊಳ್ಳುತ್ತದೆ.

ಆ ಪರಂಪರೆ ನೇರವಾಗಿ ನಡೆದು ಬಂದದ್ದಲ್ಲ ಎಂಬುದನ್ನೂ ಹೇಳಬೇಕು. 1905ರಲ್ಲಿ ಪೋಪ್ ಹತ್ತನೇ ಪಿಯುಸ್ ವ್ಯಾಟಿಕನ್ನಿನಲ್ಲೇ ವ್ಯಾಯಾಮ ಪ್ರದರ್ಶನಕ್ಕೆ ಜಾಗ ಕೊಟ್ಟರು. 1929ರ ಕೊನೆಯ ದಿನ ಹನ್ನೊಂದನೇ ಪಿಯುಸ್ ಹೊರಡಿಸಿದ ಶಿಕ್ಷಣದ ವಿಶ್ವಪತ್ರ ಹೆಣ್ಣುಮಕ್ಕಳ ವ್ಯಾಯಾಮದ ವಿಷಯದಲ್ಲಿ ಎಚ್ಚರಿಕೆ ಹೇಳಿ, ಸಾರ್ವಜನಿಕ ಪ್ರದರ್ಶನವನ್ನು ತಪ್ಪೆಂದಿತು. ಹುಡುಗಿಯರನ್ನಷ್ಟೇ ಗುರಿಯಾಗಿಸಿದ ಆ ಮಾತನ್ನು ಇಂದು ಒಪ್ಪಲಾಗದು. ಆದರೂ ಅದರೊಳಗೊಂದು ಕಾಳು ಉಳಿದಿದೆ: ಮಗುವಿನ ಮೈ ಅತಿಥಿಗಳ ಕಣ್ಣಿಗೆ ಹಬ್ಬವಾಗುವುದಕ್ಕಾಗಿ ಇರುವುದಲ್ಲ. ವಾರ್ಷಿಕ ಕ್ರೀಡಾಕೂಟಕ್ಕೆ ಮೊದಲು ಮಕ್ಕಳನ್ನು ದಿನಗಟ್ಟಲೆ ಬಿಸಿಲಲ್ಲಿ ನಿಲ್ಲಿಸಿ ಪಥಸಂಚಲನ ಕಲಿಸಿ, ಉಳಿದ ವರ್ಷವಿಡೀ ಬೆಂಚಿಗೆ ಅಂಟಿಸುವ ಶಾಲೆಗಳು ಹುಡುಗ ಹುಡುಗಿಯರಿಬ್ಬರ ಪರವಾಗಿಯೂ ಆ ಎಚ್ಚರಿಕೆಯನ್ನು ಓದಿಕೊಳ್ಳಬೇಕು. ಮುಂದೆ ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣ ಘೋಷಣೆ ಮಗುವಿನ ದೈಹಿಕ, ನೈತಿಕ, ಬೌದ್ಧಿಕ ಶಕ್ತಿಗಳು ಒಟ್ಟಿಗೆ ಹದವಾಗಿ ಬೆಳೆಯಬೇಕೆಂದಿತು. 2018ರ ಜೂನ್‌ನಲ್ಲಿ ವ್ಯಾಟಿಕನ್ ಕ್ರೀಡೆಗೆಂದೇ ಒಂದು ದಸ್ತಾವೇಜನ್ನು ಹೊರತಂದಿತು.

ಈಗ ನಮ್ಮ ಊರುಗಳಿಗೆ ಬರೋಣ. ಕರಾವಳಿಯಲ್ಲಿ ಇಗರ್ಜಿ ಕಟ್ಟಿಕೊಳ್ಳಲು ಪೋರ್ಚುಗೀಸರಿಗೆ 17ನೇ ಶತಮಾನದಲ್ಲಿ ಒಪ್ಪಿಗೆ ಕೊಟ್ಟ ಕೆಳದಿ ಅರಸರ ರಾಜಧಾನಿ ಬಿದನೂರು, ಇಂದಿನ ಹೊಸನಗರ ತಾಲೂಕಿನ ನಗರ. ಈ ಸೀಮೆಯ ಇಗರ್ಜಿಗಳು ಮೊದಲು ಮೈಸೂರು, 1963ರಿಂದ ಚಿಕ್ಕಮಗಳೂರು, 1988ರಿಂದ ಶಿವಮೊಗ್ಗ ಧರ್ಮಪ್ರಾಂತ್ಯದ ಅಡಿಯಲ್ಲಿವೆ. ಇಲ್ಲಿ ಕ್ರೈಸ್ತ ಮನೆಗಳು ಕಡಿಮೆ. ಕಾನ್ವೆಂಟಿನ ಬೆಂಚುಗಳಲ್ಲಿ ಹೆಚ್ಚಾಗಿ ಕೂರುವವರು ಅಡಿಕೆ ತೋಟದ, ಗದ್ದೆಯ, ಪೇಟೆ ಅಂಗಡಿಯ ಹಿಂದೂ, ಮುಸ್ಲಿಂ ಮಕ್ಕಳು. ಸಂವಿಧಾನದ 28(3)ನೇ ವಿಧಿಯಂತೆ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಧರ್ಮೋಪದೇಶದ ಪಾಠ ಕ್ಯಾಥೊಲಿಕ್ ಮಕ್ಕಳಿಗೆ, ನೀತಿ ಪಾಠ ಉಳಿದವರಿಗೆ ಎಂಬ ಏರ್ಪಾಡು ರೂಢಿಯಲ್ಲಿರುವುದು ಅದಕ್ಕೇ. ಆದರೆ ಖೋ ಖೋ ಆಡುವಾಗ ಎರಡು ಗುಂಪು ಬೇಕಿಲ್ಲ. ಔಟಾದದ್ದನ್ನು ತಾನೇ ಒಪ್ಪಿಕೊಳ್ಳುವುದು, ಬಿದ್ದವನನ್ನು ಎಬ್ಬಿಸುವುದು, ಸೋತರೂ ಕೈಕುಲುಕುವುದು, ಇವೆಲ್ಲ ಅಲ್ಲಿ ಎಲ್ಲರಿಗೂ ಒಂದೇ ಪಾಠ.

ಇದು ಆಟದ ಹೆಸರಿನಲ್ಲಿ ಮತ ತುರುಕುವುದಲ್ಲವೇ ಎಂದು ಕೆಲವರು ಕೇಳಬಹುದು. ತಂಡ ಮಾಡುವಾಗ ಯಾರೂ ಆರಿಸದ ಮಗುವನ್ನು ಮೇಷ್ಟ್ರು ಮೊದಲು ಕರೆದರೆ ಯಾವ ಮತಕ್ಕೂ ಭಂಗವಿಲ್ಲ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಸಿಕೊಂಡ ಒಂದನ್ನು ಹುಡುಕಿಹೋದ ಕುರುಬನ ಕತೆ ಸಿಸ್ಟರ್‌ಗಳಿಗೆ ಗೊತ್ತೇ ಇದೆ. ಅದನ್ನು ಮಕ್ಕಳಿಗೆ ಬೋಧಿಸದೆ ತಾವು ನಡೆದು ತೋರಿಸಿದರೆ ಸಾಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಸ್ಪರ್ಧೆ ಗೆದ್ದವನಲ್ಲಿ ಗರ್ವವನ್ನೂ ಸೋತವನಲ್ಲಿ ಕೀಳರಿಮೆಯನ್ನೂ ಬೆಳೆಸುವುದಿಲ್ಲವೇ? ಬೆಳೆಸುತ್ತದೆ. ದಿದೊನ್ ಅವರ ಮೂರು ಪದಗಳು ಬೆಳೆದ ಹುಡುಗರಿಗೆ ಹೇಳಿದವು. ಆರು ವರ್ಷದ ಮಗುವಿಗೆ ಅವು ತಕ್ಕ ಅಳತೆಯಲ್ಲ. 2021ರಲ್ಲಿ ಒಲಿಂಪಿಕ್ ಸಮಿತಿಯೇ ಆ ಮೂರರ ಕೊನೆಗೆ ‘ಒಟ್ಟಾಗಿ’ ಎಂಬುದನ್ನು ಸೇರಿಸಿತು. ಪ್ರಾಥಮಿಕ ಶಾಲೆಗೆ ಬೇಕಾದದ್ದು ಆ ನಾಲ್ಕನೆಯದು, ಅದೂ ಮೊದಲಿಗೆ. ಬಹುಮಾನದ ವೇದಿಕೆ ಹೈಸ್ಕೂಲಿನವರೆಗೆ ಕಾಯಬಲ್ಲದು. ಲಗೋರಿ, ಕುಂಟಾಬಿಲ್ಲೆ ಕಾಯಲಾರವು.

ಮೇಷ್ಟ್ರೇ ಇಲ್ಲವಲ್ಲ ಎಂಬುದು ಆಡಳಿತದವರ ಮಾತು. ಅದರಲ್ಲಿ ಸತ್ಯವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆನ್ನುತ್ತದೆ. ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಅದು ಕೇಳುವುದು 6ರಿಂದ 8ನೇ ತರಗತಿಗೆ, ಅದೂ ಮಕ್ಕಳು ನೂರಕ್ಕಿಂತ ಹೆಚ್ಚಿದ್ದಲ್ಲಿ. ಎಲುಬು ಬಲಿಯುವ, ಓಟ ನೆಗೆತ ಕಲಿಯುವ ಶಾಲೆಯ ಮೊದಲ ಐದು ವರ್ಷಗಳನ್ನು ಬೋಧಕರ ವಿಷಯದಲ್ಲಿ ಕಾನೂನೇ ಕೈಬಿಟ್ಟಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಈ ಕಾಯ್ದೆಯಿಂದ ಹೊರಗಿಟ್ಟಿತು. ಕಾಯ್ದೆಯ ಒತ್ತಾಯವಿಲ್ಲದ ಶಾಲೆ ತನ್ನ ನಂಬಿಕೆಯ ಒತ್ತಾಯಕ್ಕಾದರೂ ಓಗೊಡಬೇಕಲ್ಲವೇ? ಒಂದರಿಂದ ಐದನೇ ತರಗತಿಯ ಮಕ್ಕಳನ್ನು ಆಡಿಸಲು ಪದವಿ ಬೇಕಿಲ್ಲ; ತರಗತಿಯ ಟೀಚರ್‌ಗೆ ಕೆಲವು ದಿನಗಳ ತರಬೇತಿ ಕೊಟ್ಟರೆ ಆದೀತು.

ಇನ್ನು ನಮ್ಮ ಮಳೆ. ಆಗುಂಬೆ ತೀರ್ಥಹಳ್ಳಿ ತಾಲೂಕಿನದು, ಹುಲಿಕಲ್ ಹೊಸನಗರ ತಾಲೂಕಿನದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನವೆಲ್ಲ ಕೆಸರು, ಶಾಲಾ ವರ್ಷದ ಮೂರನೇ ಒಂದು ಭಾಗ ಅಲ್ಲೇ ಹೋಯಿತು. ಬಯಲುಸೀಮೆಯ ಮೈದಾನದ ಲೆಕ್ಕದಲ್ಲಿ ಬರೆದ ವೇಳಾಪಟ್ಟಿ ಇಲ್ಲಿ ನಡೆಯದು. ಆದರೆ ಇಗರ್ಜಿಯ ಪಕ್ಕದಲ್ಲಿ ಶಾಲೆಯಿದ್ದು ಸಭಾಭವನವೂ ಇದ್ದಲ್ಲಿ, ವಾರದ ದಿನಗಳಲ್ಲಿ ಅದು ಬಹುಪಾಲು ಖಾಲಿ ಇರುತ್ತದೆ. ಈ ಮೂರು ತಾಲೂಕಿನ ಶಾಲಾ ಆಡಳಿತದವರಲ್ಲಿ, ಪೋಷಕರಲ್ಲಿ ಕೇಳುವುದಿಷ್ಟೇ: ಬರುವ ಜೂನ್‌ಗೆ ಮೊದಲು ಅಂಥ ಭವನದ ಬೀಗ ತೆಗೆಸಿ, ಒಂದನೇ ತರಗತಿಯಿಂದಲೇ ಪ್ರತಿ ಮಗುವಿಗೂ ಮಳೆಗಾಲದಲ್ಲೂ ಆಟದ ಪಿರಿಯಡ್ ಬರೆದಿಡಿ, ಮತ್ತು ಅದನ್ನು ಯಾವ ಪರೀಕ್ಷೆಗೂ ಬಿಟ್ಟುಕೊಡಬೇಡಿ.