ಒಂದು ಕ್ವಾರ್ಟರ್ ಜಿನ್, ಆರು ಗ್ಲಾಸು: ಮನೆ ಕಾಕ್‌ಟೇಲಿನ ಲೆಕ್ಕ

ಕ್ವಾರ್ಟರ್ ಎಂದರೆ 180 ಮಿ.ಲೀ. ತಲಾ 30 ಮಿ.ಲೀ. ಹಿಡಿದರೆ ಆರು ಪೆಗ್, ಅಂದರೆ ಆರು ಗ್ಲಾಸು ಕಾಕ್‌ಟೇಲ್. ಮೂರು ಜನಕ್ಕೆ ಎರಡೆರಡು. ಜಿನ್ ಒಂದನ್ನು ಬಿಟ್ಟರೆ ಇದಕ್ಕೆ ಬೇಕಾದ ಸಾಮಾನೆಲ್ಲ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಯಾವ ಸಂತೆಯಲ್ಲೂ ಸಿಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯ ಹೊಲಗಳಲ್ಲಿ ಶುಂಠಿ ಬೆಳೆಯುತ್ತಾರೆ, ಕೆ.ಆರ್. ನಗರದ ಕಡೆ ಕಬ್ಬು. ಜಿನ್ನಿಗೆ ಜುನಿಪರ್ ಕಾಯಿಯ ಘಮವಿದೆ. ಶುಂಠಿ, ನಿಂಬೆ ಎರಡೂ ಅದಕ್ಕೆ ಚೆನ್ನಾಗಿ ಹೊಂದುತ್ತವೆ.

ಒಂದು ಗ್ಲಾಸಿಗೆ

ಜಿನ್: 30 ಮಿ.ಲೀ.
ಶುಂಠಿ ಪಾಕ: 20 ಮಿ.ಲೀ.
ನಿಂಬೆರಸ: 15 ಮಿ.ಲೀ. (ಸಾಧಾರಣ ಗಾತ್ರದ ಒಂದು ಹಣ್ಣು)
ತಣ್ಣನೆಯ ಸೋಡಾ: 100 ಮಿ.ಲೀ.
ಐಸ್: ನಾಲ್ಕೈದು ತುಂಡು

ಪಾಕಕ್ಕೆ 100 ಗ್ರಾಂ ಶುಂಠಿಯನ್ನು ಮಣ್ಣು ಹೋಗುವಂತೆ ತೊಳೆದು ತುರಿಯಿರಿ. 200 ಗ್ರಾಂ ಸಕ್ಕರೆ, 200 ಮಿ.ಲೀ. ನೀರು ಸೇರಿಸಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಸೋಸಿ. ಸುಮಾರು 300 ಮಿ.ಲೀ. ಪಾಕ ಸಿಗುತ್ತದೆ. ಅಷ್ಟರಲ್ಲಿ 15 ಗ್ಲಾಸು ಆಗುತ್ತದೆ. ಗ್ಲಾಸಿಗೆ 13 ಗ್ರಾಂ ಸಕ್ಕರೆ. ಮಿಕ್ಕಿದ್ದನ್ನು ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ.

ಗ್ಲಾಸಿಗೆ ಮೊದಲು ಐಸ್, ಆಮೇಲೆ ಜಿನ್, ಪಾಕ, ನಿಂಬೆರಸ ಹಾಕಿ ಚಮಚದಲ್ಲಿ ಚೆನ್ನಾಗಿ ತಿರುಗಿಸಿ. ಸೋಡಾ ಕೊನೆಗೆ. ಸೋಡಾ ಬಿದ್ದ ಮೇಲೆ ಒಂದೇ ಸುತ್ತು ಸಾಕು, ಹೆಚ್ಚು ಕಲಕಿದರೆ ಗ್ಯಾಸ್ ಹೋಗಿ ಸಪ್ಪೆಯಾಗುತ್ತದೆ.

ಆರು ಗ್ಲಾಸಿನ ಖರ್ಚು

ಲೆಕ್ಕಕ್ಕಾಗಿ ಈ ದರಗಳನ್ನು ಇಟ್ಟುಕೊಳ್ಳೋಣ: ಕ್ವಾರ್ಟರ್ 250 ರೂ., ಸಕ್ಕರೆ ಕೆಜಿಗೆ 45, ಶುಂಠಿ ಕೆಜಿಗೆ 80, ನಿಂಬೆ ಒಂದಕ್ಕೆ 5, 750 ಮಿ.ಲೀ. ಸೋಡಾ 20 ರೂ.

ಜಿನ್: 250 ರೂ.
ಪಾಕ (120 ಮಿ.ಲೀ.): 7 ರೂ.
ನಿಂಬೆ (6): 30 ರೂ.
ಸೋಡಾ: 20 ರೂ.
ಒಟ್ಟು: 307 ರೂ.; ಗ್ಲಾಸಿಗೆ ಸುಮಾರು 51 ರೂ.

ಇದರಲ್ಲಿ ಶೇ. 81 ಪಾಲು ಬಾಟಲಿಯದೇ. 2023ರಲ್ಲಿ ಶುಂಠಿಯ 60 ಕೆಜಿ ಚೀಲ 10,000 ರೂ. ದಾಟಿತ್ತು. ಆ ದರ ಹಿಡಿದರೂ ಗ್ಲಾಸಿಗೆ ಏರುವುದು ಸುಮಾರು 60 ಪೈಸೆ. ಖರ್ಚು ನಿಲ್ಲುವುದು ಬಾಟಲಿಯ ದರದ ಮೇಲೆ. ಕ್ವಾರ್ಟರಿನ ಎಂಆರ್‌ಪಿಯನ್ನು 6ರಿಂದ, 750 ಮಿ.ಲೀ. ಫುಲ್ ಬಾಟಲಿಯದನ್ನು 25ರಿಂದ ಭಾಗಿಸಿದರೆ ಒಂದು ಪೆಗ್ಗಿನ ದರ ಸಿಗುತ್ತದೆ.

ಕಣ್ಣಳತೆ ಬೇಡ

ಪೆಗ್ ಅಳತೆ ಮನೆಯಲ್ಲಿಲ್ಲದಿದ್ದರೆ ಕೆಮ್ಮಿನ ಸಿರಪ್ ಜೊತೆ ಬರುವ, ಗೀಟು ಹಾಕಿದ ಮುಚ್ಚಳವನ್ನು ತೊಳೆದು ಬಳಸಿ. 10 ಮಿ.ಲೀ. ಗೀಟಿಗೆ ಮೂರು ಸಲ ತುಂಬಿದರೆ 30. ಅಂದಾಜಿನಲ್ಲಿ ಸುರಿದು ಗ್ಲಾಸಿಗೆ 10 ಮಿ.ಲೀ. ಹೆಚ್ಚಾದರೂ ಆರು ಗ್ಲಾಸಿನ ಜಿನ್ ನಾಲ್ಕೂವರೆಗೇ ಮುಗಿಯುತ್ತದೆ.

ಹಣಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಜಿನ್ನಿನಲ್ಲಿ ಆಲ್ಕೋಹಾಲ್ ಶೇ. 42.8. ಹಾಗಾಗಿ 30 ಮಿ.ಲೀ.ನಲ್ಲಿ 10 ಗ್ರಾಂ, ನೈಂಟಿಯಲ್ಲಿ (ಮೂರು ಪೆಗ್) 30 ಗ್ರಾಂ, ಕ್ವಾರ್ಟರಿನಲ್ಲಿ 61 ಗ್ರಾಂ ಶುದ್ಧ ಆಲ್ಕೋಹಾಲ್. ಐಸ್ ಕರಗುವ ಮುಂಚೆ ಈ ಕಾಕ್‌ಟೇಲಿನ ತೀಕ್ಷ್ಣತೆ ಶೇ. 7.8, ಸ್ಟ್ರಾಂಗ್ ಬಿಯರಿನ ಮಟ್ಟ. ಸಿಹಿ-ಹುಳಿಯಲ್ಲಿ ಜಿನ್ನಿನ ಖಾರ ಗೊತ್ತಾಗುವುದಿಲ್ಲ, ಅದಕ್ಕೇ ಅಳತೆ ಬೇಕು.

ವಾಹನ ಚಾಲಕರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. 70 ಕೆಜಿ ತೂಕದ ಗಂಡಸು ಬೇಗಬೇಗ ಎರಡು ಗ್ಲಾಸು ಕುಡಿದರೆ ಸುಮಾರು 40 ಮಿ.ಗ್ರಾಂ ಆಗುತ್ತದೆ. 55 ಕೆಜಿ ತೂಕದ ಹೆಂಗಸಿಗೆ ಒಂದೇ ಗ್ಲಾಸಿಗೆ ಮಿತಿ ದಾಟಬಹುದು. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೆ 10,000 ರೂ. ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. 51 ರೂಪಾಯಿಯ ಗ್ಲಾಸಿಗೆ ಅದು ತೀರಾ ದುಬಾರಿ.

ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಕುಡಿಯದವರು ಇದನ್ನು ಓದಿ ಶುರು ಮಾಡಬೇಕಿಲ್ಲ. 21 ತುಂಬದವರಿಗೆ, ಗರ್ಭಿಣಿಯರಿಗೆ, ಮದ್ಯಕ್ಕೆ ಆಗದ ಮಾತ್ರೆ ನುಂಗುವವರಿಗೆ ಕೊಡಲೇಬೇಡಿ. ಅವರಿಗೂ ಗ್ಲಾಸು ಕೈಗಿಡಬಹುದು: ಜಿನ್ ಬಿಟ್ಟು ಪಾಕ, ನಿಂಬೆ, ಸೋಡಾ ಅಷ್ಟೇ ಹಾಕಿ. ಖರ್ಚು ಗ್ಲಾಸಿಗೆ ಒಂಬತ್ತೂವರೆ ರೂಪಾಯಿ, ನಮ್ಮ ಶುಂಠಿಯ ರುಚಿ ಪೂರ್ತಿ.

ಕುಡಿಯುವವರು ಅಳೆದು ಸುರಿಯಿರಿ, ಎರಡಕ್ಕೆ ನಿಲ್ಲಿಸಿ, ಆ ರಾತ್ರಿ ಬೈಕು ಹತ್ತಬೇಡಿ.