ಬಾವಿಯ ಜೀರ್ಣೋದ್ಧಾರ: ಒಂದು ವ್ಯಾಪಾರ ವಿಚಾರ

ಸಂಸ್ಕೃತದ ‘ವಾಪಿ’ಯೇ ತದ್ಭವಗೊಂಡು ಕನ್ನಡದಲ್ಲಿ ‘ಬಾವಿ’ಯಾಯಿತೆಂಬುದು ವ್ಯಾಕರಣವನ್ನೋದುವ ವಿದ್ಯಾರ್ಥಿಗಳಿಗೆಲ್ಲ ವಿದಿತವಾದ ವಿಷಯ. ವಾಪಿಯೆಂದರೆ ಮೆಟ್ಟಿಲಿಳಿದು ನೀರನ್ನು ಕಣ್ಣಾರೆ ಕಾಣಬಹುದಾದ ಜಲಾಶಯ. ಇಂದು ನಮ್ಮ ಕುಂತೂರಿನ ಕಬ್ಬಿನ ಹೊಲಗಳಲ್ಲಿರುವ ಕೊಳವೆಬಾವಿಯಾದರೋ ಆರೂವರೆ ಅಂಗುಲದ ಒಂದು ರಂಧ್ರ. ಅದರ ಒಡಲನ್ನು ಅದರ ಒಡೆಯನೂ ಕಂಡವನಲ್ಲ. ಕೊರೆಯುವ ದಿನ ಅರಿಶಿನ, ಕುಂಕುಮ, ತೆಂಗಿನಕಾಯಿ, ಊರವರ ಗುಂಪು ಎಲ್ಲವೂ ಉಂಟು. ಕೆಲವು ವರ್ಷಗಳ ಬಳಿಕ ಅದು ರೋಗಗ್ರಸ್ತವಾದಾಗ ಒಡೆಯನೊಬ್ಬನೇ ತಲೆಯ ಮೇಲೆ ಕೈಹೊತ್ತು ಕುಳಿತಿರುತ್ತಾನೆ. ಕೊರೆದ ಬಾವಿಗೆ ಚಿಕಿತ್ಸೆ ಮಾಡುವ ಕಸುಬು ಲೋಕದಲ್ಲಿ ಒಂದು ದೊಡ್ಡ ವ್ಯಾಪಾರವಾಗಿ ಬೆಳೆದಿದೆ. ತೈಲ ಮತ್ತು ಅನಿಲದ ಬಾವಿಗಳಲ್ಲಿ ಅದರ ಸ್ವರೂಪ ಸ್ಫುಟವಾಗಿ ಕಾಣುವುದರಿಂದ ಮೊದಲು ಅವನ್ನು ನೋಡಿ, ಅನಂತರ ನಮ್ಮ ಹೊಲಕ್ಕೆ ಬರೋಣ.

ತೈಲಬಾವಿಗೂ ಮುಪ್ಪುಂಟು. ಒಳಗಣ ಒತ್ತಡ ಕುಗ್ಗುತ್ತದೆ. ಮರಳೂ ಮೇಣವೂ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತವೆ. ಎಣ್ಣೆಗಿಂತ ನೀರೇ ಹೆಚ್ಚಾಗಿ ಬರತೊಡಗುತ್ತದೆ. ಆಗ ವೈದ್ಯನನ್ನು ಕರೆಯಬೇಕು. ತಂತಿಯ ತುದಿಗೆ ಉಪಕರಣವನ್ನು ಕಟ್ಟಿ ಇಳಿಸಿ ಪರೀಕ್ಷಿಸುವುದು ನಾಡಿ ಹಿಡಿದು ನೋಡಿದಂತೆ. ಷ್ಲುಂಬರ್ಜೆ ಸೋದರರ ಸಂಸ್ಥೆಯು 1927ರಲ್ಲಿ ಫ್ರಾನ್ಸಿನ ಪೆಷೆಲ್‌ಬ್ರಾನ್ ಎಂಬಲ್ಲಿ ವಿದ್ಯುತ್ತಿನ ನೆರವಿನಿಂದ ಬಾವಿಯ ಒಳಪದರಗಳನ್ನು ಅಳೆದಾಗ ಈ ವಿದ್ಯೆಗೆ ನಾಂದಿಯಾಯಿತು. ಸುಣ್ಣಕಲ್ಲಿನ ಪದರದಲ್ಲಿ ಎಣ್ಣೆಯ ದಾರಿ ಕಟ್ಟಿದ್ದರೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಒಳಹೊಗಿಸಿ ಕಲ್ಲನ್ನೇ ಕರಗಿಸುತ್ತಾರೆ. ಇದಕ್ಕೆ ಅಮೆರಿಕದಲ್ಲಿ 1896ರಷ್ಟು ಹಿಂದೆಯೇ ಪೇಟೆಂಟು ದೊರೆತಿತ್ತು. ಇವುಗಳಿಂದ ಗುಣವಾಗದಿದ್ದರೆ ರಿಗ್ಗನ್ನು ಮತ್ತೆ ತಂದು ನಿಲ್ಲಿಸಿ, ಒಳಗೊಳವೆಗಳನ್ನು ಹೊರಗೆಳೆದು ದುರಸ್ತಿ ಮಾಡಬೇಕು. ಇದಕ್ಕೆ ವರ್ಕ್‌ಓವರ್ ಎಂದು ಹೆಸರು. ಒಳಗೆ ಮುರಿದುಬಿದ್ದ ಉಪಕರಣವನ್ನು ಹಿಡಿದೆತ್ತುವುದನ್ನು ಆ ಕಸುಬಿನವರು ‘ಮೀನು ಹಿಡಿಯುವುದು’ ಎನ್ನುತ್ತಾರಂತೆ. ರಸಿಕರೇ ಸರಿ.

ಈ ಸೇವೆಯನ್ನು ನಮ್ಮ ದೇಶದಲ್ಲಿ ಮುಖ್ಯವಾಗಿ ಕೊಳ್ಳುವವರು ಓಎನ್‌ಜಿಸಿ, ಆಯಿಲ್ ಇಂಡಿಯಾ ಮೊದಲಾದ ಬಾವಿಯ ಒಡೆಯರು. ಮಾರುವವರು ರಿಗ್ಗು, ಉಪಕರಣ ಮತ್ತು ನುರಿತ ಜನರನ್ನು ಬಾಡಿಗೆಗೆ ಕೊಡುವ ಸಂಸ್ಥೆಗಳು. ಎಣ್ಣೆಯ ಬೆಲೆ ಏರಿದಾಗ ಹಳೆಯ ಬಾವಿಗಳ ಮೇಲೂ ಹಣ ಸುರಿಯುತ್ತಾರೆ, ರಿಗ್ಗುಗಳ ಬಾಡಿಗೆ ಏರುತ್ತದೆ; ಬೆಲೆ ಕುಸಿದಾಗ ಚಿಕಿತ್ಸೆಯನ್ನು ಮುಂದೂಡುತ್ತಾರೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ರಿಗ್ಗಿಗೆ ಸಾಮಾನ್ಯವಾಗಿ ಕೊಡುವುದು ದಿನದ ಬಾಡಿಗೆ. ಎಣ್ಣೆ ಬಂದರೂ ಬಾಡಿಗೆ, ಬಾರದಿದ್ದರೂ ಬಾಡಿಗೆ. ನೆಲದೊಳಗಿನ ಅನಿಶ್ಚಯದ ಹೊರೆಯೆಲ್ಲ ಒಡೆಯನ ಹೆಗಲಿಗೇ ಬೀಳುತ್ತದೆ.

ಇದಕ್ಕೆ ಭಿನ್ನವಾದ ಒಪ್ಪಂದವೂ ಉಂಟು. 1974ರಲ್ಲಿ ಪತ್ತೆಯಾಗಿ 1976ರಿಂದ ಎಣ್ಣೆ ಕೊಡುತ್ತಿರುವ ಬಾಂಬೆ ಹೈ ಕ್ಷೇತ್ರಕ್ಕೆ ಈಗ ವೃದ್ಧಾಪ್ಯ. ಅದರ ಉತ್ಪಾದನೆಯನ್ನು ಹೆಚ್ಚಿಸಲೆಂದು ಓಎನ್‌ಜಿಸಿಯು 2025ರಲ್ಲಿ ಬ್ರಿಟನ್ನಿನ ಬಿಪಿ ಸಂಸ್ಥೆಯನ್ನು ಆರಿಸಿಕೊಂಡಿತು. ಮೊದಲೆರಡು ವರ್ಷ ನಿಗದಿತ ಶುಲ್ಕ; ಆಮೇಲೆ ಹೆಚ್ಚಾಗಿ ಬಂದ ಉತ್ಪಾದನೆಯ ಆದಾಯದಲ್ಲಿ ಪಾಲು. ವೈದ್ಯನಿಗೆ ರೋಗಿ ಚೇತರಿಸಿಕೊಂಡಷ್ಟೂ ದಕ್ಷಿಣೆ ಎಂದಂತೆ.

ಚಿಕಿತ್ಸೆಯೆಂದರೆ ಹೊಸ ಬಾವಿ ತೋಡುವುದಕ್ಕಿಂತ ಹಗುರವಾದ ಕೆಲಸವೆಂದು ಭಾವಿಸುವಂತಿಲ್ಲ. ಅಸ್ಸಾಮಿನ ಬಾಘಜಾನ್ ಎಂಬಲ್ಲಿ 2020ರ ಮೇ 27ರಂದು ಅನಿಲದ ಬಾವಿಯೊಂದು ಸಿಡಿದದ್ದು ಇಂತಹ ವರ್ಕ್‌ಓವರ್ ನಡೆಯುತ್ತಿದ್ದಾಗಲೇ. ಜೂನ್ 9ರಂದು ಬೆಂಕಿ ಹೊತ್ತಿತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಬಾವಿ ಪೂರ್ತಿಯಾಗಿ ಹತೋಟಿಗೆ ಬಂದದ್ದು ನವೆಂಬರಿನಲ್ಲಿ.

ಇನ್ನು ನಮ್ಮ ಹೊಲಕ್ಕೆ ಬರೋಣ. ನಮ್ಮ ಕೊಳ್ಳೇಗಾಲ ಸೀಮೆಯ ನೆಲದಡಿ ಗಟ್ಟಿ ಶಿಲೆ. ನೀರಿರುವುದು ಅದರ ಬಿರುಕುಗಳಲ್ಲಿ ಮಾತ್ರ. ಇಲ್ಲಿ ಚಿಕಿತ್ಸೆಗಳ ಹೆಸರು ಬೇರೆ: ಮೋಟಾರು ಎತ್ತುವುದು, ಗಾಳಿಯ ಒತ್ತಡದಿಂದ ಕೆಸರನ್ನು ಹೊರಹಾಕುವ ಫ್ಲಷಿಂಗ್, ಕ್ಯಾಮೆರಾ ಇಳಿಸುವುದು, ಇನ್ನೂ ಆಳಕ್ಕೆ ಹೋಗುವ ರೀಬೋರ್. ಬೋರ್‌ವೆಲ್ ಲಾರಿಗಳಿಗೆ ದೇಶದಲ್ಲೆಲ್ಲ ಹೆಸರಾದ ಊರು ತಮಿಳುನಾಡಿನ ತಿರುಚೆಂಗೋಡು. 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದ ನಮ್ಮ ತಾಲ್ಲೂಕಿನವರಿಗೆ ಆ ಲಾರಿಯವರ ನುಡಿಯೇನೂ ಹೊಸದಲ್ಲ. ಅವರ ದರವಾದರೋ ಅಡಿಯ ಲೆಕ್ಕ. ಆಳ ಹೆಚ್ಚಿದಂತೆ ಅಡಿಯ ದರವೂ ಹೆಚ್ಚು. ಕೇಸಿಂಗ್ ಪೈಪಿಗೆ ಬೇರೆ ಹಣ. ದಿನಬಾಡಿಗೆಯ ನ್ಯಾಯವೇ ಇಲ್ಲಿಯೂ: ನೀರು ಬಂದರೂ ಅಷ್ಟೇ, ಧೂಳು ಬಂದರೂ ಅಷ್ಟೇ.

ನನ್ನ ತಮ್ಮನ ಹೊಲದ ಬಾವಿಯ ನೀರು ಒಂದು ಬೇಸಗೆಯಲ್ಲಿ ಹಠಾತ್ತನೆ ಅರ್ಧಕ್ಕಿಳಿಯಿತು. ಬಂದು ನೋಡಿದವನೊಬ್ಬನು, “ಇನ್ನೂ 200 ಅಡಿ ಇಳಿಸಿಬಿಡಿ ಸ್ವಾಮಿ, ಗಂಗೆ ಅಲ್ಲೇ ಇದ್ದಾಳೆ” ಎಂದನು. ಇಳಿಸಿದೆವು. ಆ ವರ್ಷದ ಕಬ್ಬಿನ ಹಣವೆಲ್ಲ ಬಿಳಿಯ ಪುಡಿಯಾಗಿ ಗಾಳಿಗೆ ಹಾರಿತು. ಆಮೇಲೆ ಕ್ಯಾಮೆರಾ ಇಳಿಸಿ ನೋಡಲಾಗಿ, ಮೇಲ್ಗಡೆಯೇ ಕೇಸಿಂಗ್ ತುಕ್ಕು ಹಿಡಿದು ತೂತಾಗಿ, ಮಣ್ಣು ಒಳನುಗ್ಗಿ ನೀರು ಬರುವ ಬಿರುಕನ್ನು ಮುಚ್ಚಿತ್ತೆಂದು ತಿಳಿಯಿತು. ಮೊದಲೇ ನಾಡಿ ನೋಡಿದ್ದರೆ ಅಲ್ಪ ವೆಚ್ಚದಲ್ಲಿ ಮುಗಿಯುತ್ತಿದ್ದ ಕಾರ್ಯ. ಮಾರಿದವನನ್ನು ಮಾತ್ರ ದೂರಿ ಫಲವಿಲ್ಲ. ಬಾವಿ ಎಷ್ಟು ಆಳ, ಕೇಸಿಂಗ್ ಎಲ್ಲಿಯವರೆಗೆ, ಎಷ್ಟನೆಯ ಅಡಿಯಲ್ಲಿ ನೀರು ಚಿಮ್ಮಿತ್ತು, ಮೋಟಾರು ಎಷ್ಟು ಆಳದಲ್ಲಿದೆ ಎಂದು ಅವನು ಕೇಳಿದಾಗ ನಾವಾರೂ ಉತ್ತರಿಸಲಾರದೆ ಹೋದೆವು. ತೈಲ ಕಂಪನಿಗಳಾದರೋ ಒಂದೊಂದು ಬಾವಿಗೂ ಜಾತಕದಂತೆ ದಫ್ತರವನ್ನು ಇಡುತ್ತವೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಇಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುವುದು ಕಷ್ಟವೇ?

ಕೊನೆಯದಾಗಿ, ಸತ್ತ ಬಾವಿಯ ಸಂಸ್ಕಾರ. ಬತ್ತಿದ ತೈಲಬಾವಿಯನ್ನು ಸಿಮೆಂಟಿನ ಬಿರಡೆಗಳಿಂದ ಮುಚ್ಚುವುದೂ ಈ ವ್ಯಾಪಾರದ ಒಂದು ಶಾಖೆ. ಕೊಳ್ಳುವವನಿಗೆ ಅದರಿಂದ ಕಾಸಿನ ಆದಾಯವಿಲ್ಲ, ನಿಯಮಕ್ಕೆ ಕಟ್ಟುಬಿದ್ದು ಕೊಳ್ಳುತ್ತಾನೆ. ಕೊಳವೆಬಾವಿಗೂ ನಿಯಮವುಂಟು. ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಜೇಡಿಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ವಿಧಿಸಿದೆ. ಆದರೂ 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎಳೆಯ ಕಂದನೊಂದು ತೆರೆದ ಕೊಳವೆಬಾವಿಗೆ ಬಿದ್ದಿತು. ಸುಮಾರು 20 ಗಂಟೆಗಳ ಬಳಿಕ ಜೀವಂತವಾಗಿ ಮೇಲೆ ಬಂದದ್ದು ನಾಡಿನ ಪುಣ್ಯ. ಎಲ್ಲ ಕಂದಮ್ಮಗಳಿಗೂ ಆ ಪುಣ್ಯ ಒದಗಿಲ್ಲ. ನೀರು ಬಾರದಿದ್ದರೆ ಉಳಿತಾಯಕ್ಕೆಂದು ಕೇಸಿಂಗನ್ನೂ ಕಿತ್ತೊಯ್ಯುತ್ತಾರೆ. ಬಾಯಿ ಇನ್ನಷ್ಟು ಅಗಲವಾಗುತ್ತದೆ. ಆರೂವರೆ ಅಂಗುಲದ, 600 ಅಡಿ ಆಳದ ಬಾವಿಯನ್ನು ತುಂಬಲು ಬೇಕಾದುದು ಸುಮಾರು 140 ಘನ ಅಡಿ ಮಣ್ಣುಕಲ್ಲು. ತಮ್ಮನ ಹೊಲದಲ್ಲಿ ಅದಕ್ಕೂ ಮೊದಲು ಬತ್ತಿದ್ದ ಬಾವಿಯೊಂದನ್ನು ನಾವು ಹೀಗೆಯೇ ಲೆಕ್ಕ ಹಾಕಿ, ಟ್ರ್ಯಾಕ್ಟರಿನಲ್ಲಿ ಮಣ್ಣುಕಲ್ಲು ತರಿಸಿ, ಒಂದೇ ಮಧ್ಯಾಹ್ನದಲ್ಲಿ ತುಂಬಿಸಿದೆವು.